ಬಸಂತರಾಯನ ನೀರು ಹೋಗದ ಡಬ್ಬಿ

ಸಿಂದಗಿಯ ಬಸ್ ಸ್ಟ್ಯಾಂಡು ದಾಟಿ ಆಲಮೇಲದ ರಸ್ತೆಗೆ ಹೊರಳಿದರೆ ಎಡಗಡೆ ಬಸಂತರಾಯನ ಅಂಗಡಿ. ಸುಟ್ಟ ಮೋಟರು ಬಿಚ್ಚಿ, ಕರಕಲಾದ ತಾಮ್ರದ ತಂತಿ ಕಿತ್ತೊಗೆದು, ಹೊಸ ತಂತಿ ಸುತ್ತಿಕೊಡುವುದು ಅವನ ಕಸುಬು. ಅವನ ಕೈ ಒಳ್ಳೆಯದೆಂದು ಆಗದವರೂ ಒಪ್ಪುತ್ತಿದ್ದರು. ನಾಲಿಗೆಯ ಬಗ್ಗೆ ಒಳ್ಳೆಯ ಮಾತು ಹೇಳಬೇಕಾದವರು ಗೆಳೆಯರು. ಅಂಥವರು ಯಾರೂ ಉಳಿದಿರಲಿಲ್ಲ.

ತೊಂಬತ್ತೆಂಟನೆಯ ಇಸವಿಯ ಸುಮಾರಿನ ಮಾತು. ಆಗ ಅವನಿಗೆ ನಲವತ್ತು ದಾಟಿತ್ತು. ತೆಳ್ಳಗೆ, ಉದ್ದಕ್ಕೆ, ಮೂಗಿನ ತುದಿಗೆ ಕನ್ನಡಕ. ಗಿರಾಕಿ ಟಂಟಂ ಆಟೋದಿಂದ ಮೋಟರು ಇಳಿಸುವಾಗಲೇ ಅವನ ಪರೀಕ್ಷೆ ಶುರುವಾಗುತ್ತಿತ್ತು. ಪರೀಕ್ಷೆ ಮೋಟರಿನದಲ್ಲ, ತಂದವನದು. ಆ ಪರೀಕ್ಷೆಯಲ್ಲಿ ಇಡೀ ತಾಲೂಕಿನಲ್ಲಿ ಒಬ್ಬನೂ ಪಾಸಾಗಿರಲಿಲ್ಲ.

ಆಲಮೇಲದ ಶಂಕರೆಪ್ಪನಂತೂ ಪ್ರತಿ ಸಲ ನಪಾಸು. ಕಬ್ಬು ಬೆಳೆಯುವ ಒಕ್ಕಲಿಗ, ದೊಡ್ಡ ತೆರೆದ ಬಾವಿಯ ಮಾಲಕ. ಕರೆಂಟು ಬಂತೆಂದರೆ ಮೋಟರು ಚಾಲೂ ಮಾಡಿ ಬೇವಿನ ನೆರಳಿಗೆ ಉರುಳುವವ. ಬಾವಿಯ ನೀರು ತಳ ಕಂಡು, ಪಂಪು ಬರೀ ಗಾಳಿ ಎಳೆದು, ಮೋಟರು ಕಾದು ಹೊಗೆ ಬಿಟ್ಟಾಗ ಅವನಿಗೆ ಎಚ್ಚರ. ಆ ಬ್ಯಾಸಗಿಯಲ್ಲಿ ಅದೇ ಮೋಟರು ಮತ್ತೊಮ್ಮೆ ಬಂತು.

"ಏನಾತೋ?" ಅಂದ ಬಸಂತರಾಯ.

"ಸುಟ್ಟೈತ್ರಿ."

"ಅದು ಮೂಗಿಗೆ ತಿಳದೈತಿ. ಯಾಕ ಸುಟ್ಟೈತಿ ಅಂತ ಕೇಳಾಕತ್ತೇನಿ."

"ನೀರು ಕೆಳಗ ಹೋಗಿತ್ರಿ. ನನಗ ಚೂರು ಕಣ್ಣು ಹತ್ತಿತ್ತು."

"ನಿನಗ ಕಣ್ಣು ಹತ್ತಿತ್ತು, ಮೋಟರಿಗೆ ಬೆಂಕಿ ಹತ್ತಿತ್ತು. ದೇವರು ನಿನಗ ಬಾವಿ ಕೊಡೂ ಬದಲಿ ಒಂದು ಬಾಜಿ ಕೊಟ್ಟಿದ್ರ ಮೋಟರು ಉಳೀತಿತ್ತು."

ಬಾಜಿ ಅಂದರೆ ಆ ಕಡೆ ಹೊರಸು, ಹಗ್ಗದ ಮಂಚ. ಶಂಕರೆಪ್ಪ ಹಲ್ಲು ಕಿಸಿದ. ಬೈಸಿಕೊಂಡರೆ ಕೆಲಸ ಬೇಗ ಆಗುತ್ತದೆಂದು ಆಲಮೇಲದ ಮಂದಿ ಕಂಡುಕೊಂಡಿದ್ದರು.

ಬಸಂತರಾಯನಿಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಆ ಮೋಟರಿಗೆ ಸುತ್ತಿದ್ದ ತಂತಿ ಅವನದೇ ಕೈಯದು, ಎಳೆ ಎಳೆ ಸಮ ಕೂಡಿಸಿ, ವಾರ್ನಿಶು ಕುಡಿಸಿ, ಒಣಗಿಸಿ ಕೊಟ್ಟದ್ದು. ಅಂಥ ಕೆಲಸವನ್ನು ನಿದ್ದೆಬುರುಕರು ಇದ್ದಿಲು ಮಾಡಿ ತಂದು ಮುಂದೆ ಇಡುತ್ತಾರಲ್ಲ ಎಂಬ ಸಂಕಟ. ಮಂದಿಯ ಬುದ್ಧಿ ತಿದ್ದುವುದು ಆಗದ ಮಾತು, ಮೋಟರಿಗೇ ಬುದ್ಧಿ ಕೊಡಬೇಕು ಎಂದು ಅವನು ಠರಾವು ಮಾಡಿದ.

ಯೋಚನೆ ಸರಳವಿತ್ತು. ಬಾವಿಯ ನೀರಿನ ಮೇಲೆ ತೇಲುವ ಒಂದು ಡಬ್ಬಿ, ಅದರೊಳಗೆ ತುಸು ಪಾದರಸ ಹಾಕಿದ ಚಿಕ್ಕ ಗಾಜಿನ ಕೊಳವೆ. ಡಬ್ಬಿ ತೇಲುತ್ತಿರುವ ತನಕ ಪಾದರಸ ಎರಡು ತಂತಿಗಳನ್ನು ಕೂಡಿಸಿ ಇಡುತ್ತದೆ, ಮೋಟರು ನಡೆಯುತ್ತದೆ. ನೀರು ಇಳಿದು ಡಬ್ಬಿ ವೈರಿಗೆ ಜೋತುಬಿತ್ತೆಂದರೆ ಪಾದರಸ ಆಚೆ ಸರಿಯುತ್ತದೆ, ಮೇಲೆ ಸ್ಟಾರ್ಟರು ಬೀಳುತ್ತದೆ, ಮೋಟರು ನಿಲ್ಲುತ್ತದೆ. ನೀರಿಗಿಳಿದವನಿಗೆ ಶಾಕು ಹೊಡೆಯಬಾರದೆಂದು ಸಣ್ಣ ಟ್ರಾನ್ಸ್‌ಫಾರ್ಮರು ಹಚ್ಚಿ ಕರೆಂಟು ಕಡಿಮೆ ಮಾಡಿದ್ದ. ದೊಡ್ಡ ಕಂಪನಿಗಳು ಇಂಥದನ್ನು ಎಂದೋ ಮಾಡಿದ್ದವು. ಆದರೆ ಸಿಂದಗಿಗೆ ಅದು ಬಂದಿರಲಿಲ್ಲ, ಬಂದಿದ್ದರೂ ಬಸಂತರಾಯ ಅದನ್ನು ಹೀಯಾಳಿಸಿ ವಾಪಸು ಕಳಿಸುತ್ತಿದ್ದ.

ಹೆಂಡತಿ ದಾನೇಶ್ವರಿ ಕೇಳಿದಳು, "ಮೋಟರು ಸುಡೂದ ನಿಂತ್ರ ನಾವೇನ ತಿನ್ನೂದ್ರಿ?"

"ಹುಂಬರು ಮುಗಿಯೂದಿಲ್ಲ. ನೀ ಚಿಂತಿ ಬಿಡು."

ಪಾದರಸದ ಕೊಳವೆ ಸಿಕ್ಕಿತು, ಸ್ಟಾರ್ಟರಿನ ಜೋಡಣೆ ಕೂತಿತು. ಉಳಿದದ್ದು ಡಬ್ಬಿ ಮಾತ್ರ. ತಗಡಿನದಾದರೆ ತುಕ್ಕು, ಗಾಜಿನದಾದರೆ ಬಾವಿಯ ಕಲ್ಲಿಗೆ ಬಡಿದು ಚೂರು. ಪ್ಲಾಸ್ಟಿಕ್ಕೇ ಬೇಕು, ಒಂದು ಹನಿ ನೀರೂ ಒಳಗೆ ಹೋಗಬಾರದು. ಮೊದಲು ದಾನೇಶ್ವರಿಯ ಉಪ್ಪಿನಕಾಯಿ ಡಬ್ಬಿ ಹೋಯಿತು. ಅಂಗಡಿಯವ ಗಾಳಿಯೂ ಹೋಗುವುದಿಲ್ಲವೆಂದು ಆಣೆ ಮಾಡಿ ಮಾರಿದ್ದ ಡಬ್ಬಿ. ನೀರಿನ ಬ್ಯಾರಲಿನಲ್ಲಿ ಬಿಟ್ಟರೆ ಬೆಳಗಾಗುವುದರೊಳಗೆ ಮುಳುಗಿ ತಳ ಸೇರಿತ್ತು. ಬಸಂತರಾಯ ಅದನ್ನು ಹಿಡಿದುಕೊಂಡು ಹೋಗಿ ಅಂಗಡಿಯವನ ತಕ್ಕಡಿಯ ಮೇಲೆ ನೀರು ಸುರಿದು ಬಂದ.

ಆಮೇಲೆ ಊರೂರು ತಿರುಗಾಟ. ಮುದ್ದೇಬಿಹಾಳದಲ್ಲಿ ಟೆಂಪೋಗಳಿಗೆ ಫೈಬರಿನ ಟಾಪು ಮಾಡುವವನೊಬ್ಬ, "ಇಂಥವು ಎಷ್ಟು ಮಾಡೇನ್ರಿ" ಎಂದು ಉತ್ಸಾಹದಿಂದ ಒಂದು ಪೆಟ್ಟಿಗೆ ಮಾಡಿಕೊಟ್ಟ. ಬಸಂತರಾಯ ಅದನ್ನು ಕೈಯಲ್ಲಿ ತೂಗಿ ನೋಡಿ, "ತೇಲೂದು ಕೇಳಿದ್ನಿ. ಇದು ಬಾವಿಗೆ ಬಿದ್ರ ಮೀನ ಸಾಯ್ತಾವ" ಎಂದು ಅಲ್ಲೇ ಬಿಟ್ಟು ಬಂದ. ಬಸವನ ಬಾಗೇವಾಡಿಯಲ್ಲಿ ಡಿಪ್ಲೊಮಾ ಓದಿದ ಸಲಹೆಗಾರನೊಬ್ಬ ಬೋರ್ಡು ಹಾಕಿಕೊಂಡು ಕೂತಿದ್ದ. ಅವನು ಮೂರೂ ದಿಕ್ಕಿನಿಂದ ಡಬ್ಬಿಯ ಚಿತ್ರ ಬರೆದು, ಬಣ್ಣ ತುಂಬಿ, ಇದನ್ನು ಎಲ್ಲಾದರೂ ಮಾಡಿಸಿರಿ ಎಂದು ಕೈಗೆ ಕೊಟ್ಟ. "ಚಿತ್ರ ನೀರಾಗ ಬಿಡ್ಲೇನ್ರಿ?" ಎಂದು ಕೇಳಿ ಬಸಂತರಾಯ ಎದ್ದ. ಸೊಲ್ಲಾಪುರದ ಕಾರಖಾನೆಯವರು ಸಾವಿರಗಟ್ಟಲೆ ಮಾಡಿಸುವುದಿದ್ದರೆ ಒಳಗೆ ಬರ್ರಿ, ಒಂದೆರಡು ಬೇಕಾದರೆ ಆಟಿಗೆ ಸಾಮಾನಿನ ಅಂಗಡಿಗೆ ಹೋಗ್ರಿ ಎಂದು ಬಾಗಿಲಲ್ಲೇ ತಿರುಗಿಸಿದರು. ತನಗಿಂತ ಚಂದ ಹೀಯಾಳಿಸುವವರನ್ನು ಅವನು ಕಂಡದ್ದು ಅದೇ ಮೊದಲು.

ಇಂಡಿಯಲ್ಲಿ ಹಾಜಿಮಲಂಗ ಸಿಕ್ಕ. ಬಜಾರದ ಹಿಂದಿನ ಓಣಿಯಲ್ಲಿ ಅವನದೊಂದು ಖೋಲಿ, ಅದರಲ್ಲಿ ಕೈಯಿಂದ ಎಳೆಯುವ ಪ್ಲಾಸ್ಟಿಕ್ ಅಚ್ಚಿನ ಯಂತ್ರ. ಕಾಳಿನಂಥ ಪ್ಲಾಸ್ಟಿಕ್ಕನ್ನು ಕಾಯಿಸಿ ಕರಗಿಸುವುದು, ಉದ್ದನ್ನ ಹಿಡಿಗೆ ಮೈಭಾರ ಬಿಟ್ಟು ಅದನ್ನು ಅಚ್ಚಿನೊಳಗೆ ನುಗ್ಗಿಸುವುದು. ಹಾಜಿಮಲಂಗ ಧಡೂತಿ ಆಳು. ಯಂತ್ರಕ್ಕೆ ಬೇಕಾದದ್ದೂ ಅದೇ. ಬಜಾರದ ಎಣ್ಣೆ ವ್ಯಾಪಾರಿ ಹಣಮಂತ್ರಾಯನ ಡಬ್ಬಗಳಿಗೆ ಮುಚ್ಚಳ ಮಾಡಿಕೊಡುವುದೇ ಅವನ ಮುಖ್ಯ ದುಡಿಮೆ. ಬಾಯಿ ತುಂಬ ಮಾತು, ಕೆಲಸದ ನಡುವೆ ನಾಷ್ಟಾ, ನಾಷ್ಟಾದ ನಡುವೆ ಒಂದಿಷ್ಟು ಕೆಲಸ.

ಬಸಂತರಾಯ ಎಲ್ಲಾ ವಿವರಿಸಿ ಹೇಳಿದ ಮೇಲೆ ಅವನು ಬಹಳ ಹೊತ್ತು ಗಡ್ಡ ಕೆರೆದುಕೊಂಡ.

"ನೀರಾಗ ಇಡೂ ಸಾಮಾನ ನಾ ಮಾಡಿಲ್ರಿ. ಮಾಡ್ತೇನಿ ಅಂತನೂ ಹೇಳೂದಿಲ್ಲ, ಮಾಡೂದಿಲ್ಲ ಅಂತನೂ ಹೇಳೂದಿಲ್ಲ."

"ಮತ್ತೇನ ಹೇಳ್ತೀರಿ?"

"ಚಹಾ ಕುಡೀರಿ ಅಂತ ಹೇಳ್ತೇನಿ."

ಬಸಂತರಾಯ ಚಹಾ ಕುಡಿದ. ಅದು ನೀರು ನೀರಾಗಿದೆ ಅಂದ. ಹಾಜಿಮಲಂಗ ಇನ್ನೊಂದು ತರಿಸಿದ.

ಡಬ್ಬಿಗೆ ಮೂಲೆಗಳೇ ಬೇಡ, ಗುಂಡಗೆ ಇರಲಿ ಎಂದದ್ದು ಹಾಜಿಮಲಂಗ. ಎರಡು ಬಟ್ಟಲು ಮಾಡುವುದು, ಕಾದ ತಗಡಿಗೆ ಎರಡರ ಅಂಚನ್ನೂ ತಾಗಿಸಿ ಮೆತ್ತಗಾಗುತ್ತಲೇ ಒಂದಕ್ಕೊಂದು ಒತ್ತಿಬಿಡುವುದು, ವೈರು ಹೊಕ್ಕುವ ಕುತ್ತಿಗೆಗೆ ರಬ್ಬರಿನ ಬಳೆ ಹಾಕಿ ಮೇಲೆ ಕರಗಿದ ಪ್ಲಾಸ್ಟಿಕ್ ಸುರಿಯುವುದು. ಅಲ್ಯುಮಿನಿಯಮ್ಮಿನ ಅಚ್ಚು ಕೊರೆಸಲು ಇಬ್ಬರೂ ಕೂಡಿ ಸೊಲ್ಲಾಪುರಕ್ಕೆ ಹೋದರು. ಮೊದಲು ಬಂದ ಬಟ್ಟಲುಗಳು ಸೊಟ್ಟಗಾದವು, ಆಮೇಲಿನವುಗಳಲ್ಲಿ ಗಾಳಿಗುಳ್ಳೆ ಎದ್ದವು. ಪ್ರತಿ ಸಲವೂ ಬಸಂತರಾಯ ಸಿಂದಗಿಯಿಂದ ಬಸ್ಸು ಹತ್ತಿ ಬಂದು, ಬಟ್ಟಲನ್ನು ಎರಡು ಬೆರಳಲ್ಲಿ ಹಿಡಿದು ಸತ್ತ ಇಲಿಯನ್ನು ನೋಡಿದಂತೆ ನೋಡಿ ಹೋಗುತ್ತಿದ್ದ. ಹಾಜಿಮಲಂಗ ಅದನ್ನು ಮತ್ತೆ ಕರಗಿಸುತ್ತಿದ್ದ.

ಕಡೆಗೊಂದು ಗುಂಡು ಸರಿಯಾಗಿ ಕೂತಿತು. ತೆಂಗಿನಕಾಯಿಗಿಂತ ತುಸು ಸಣ್ಣದು, ಕರೀ ಬಣ್ಣ. ಹೌದಿನಲ್ಲಿ, ಅಂದರೆ ನೀರಿನ ತೊಟ್ಟಿಯಲ್ಲಿ, ಕಲ್ಲು ಕಟ್ಟಿ ಮುಳುಗಿಸಿ ಬಿಟ್ಟರು, ವಾರ ಕಳೆದು ತೆಗೆದು ಕೊಯ್ದು ನೋಡಿದರೆ ಒಳಗೆ ಖಡಕ್ ಒಣ. ಹಾಜಿಮಲಂಗ ಒಳಮೈಗೆ ಬೆರಳು ಸವರಿ ಬಸಂತರಾಯನ ಮುಖದ ಮುಂದೆ ಹಿಡಿದ.

"ಏನ ಐತ್ರಿ?"

"ಬೆರಳ ಐತಿ," ಅಂದ ಬಸಂತರಾಯ. ಅವನ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ಯಾರೂ ಕೇಳಿರಲಿಲ್ಲ.

ಅಂಥದೇ ಇನ್ನೆರಡು ಗುಂಡುಗಳನ್ನು ಸಿಂದಗಿಗೆ ತಂದು ಒಂದಕ್ಕೆ ಪಾದರಸದ ಕೊಳವೆ ಕೂಡಿಸಿದ. ವೈರು ಅಂಗಡಿಯಲ್ಲಿ ಬಿದ್ದದ್ದೇ ಇತ್ತು, ಆದರೆ ಬಾವಿಯ ಆಳಕ್ಕೆ ಗಿಡ್ಡಾಯಿತು. ಇನ್ನೊಂದು ತುಂಡು ಸೇರಿಸಿ, ಹೊಸೆದು, ಬೆಸುಗೆ ಹಾಕಿ, ಕರೀ ಟೇಪು ಬಿಗಿದು ಸುತ್ತಿದ. ತನ್ನ ಜಾಯಿಂಟಿಗೆ ಎತ್ತು ಕಟ್ಟಿ ಎಳೆಸಿದರೂ ಬಿಚ್ಚುವುದಿಲ್ಲ ಎಂಬುದು ಅವನು ಅಂಗಡಿಗೆ ಬಂದವರಿಗೆಲ್ಲ ಹೇಳುವ ಮಾತು. ಅದನ್ನು ಇಂಡಿಗೆ ಒಯ್ದಾಗ ಹಾಜಿಮಲಂಗ ಗುಂಡಿನ ಕುತ್ತಿಗೆ ಮುಚ್ಚಿಕೊಟ್ಟ. ಮಾಲು ತಯಾರಾಯಿತು.

ಶಂಕರೆಪ್ಪನ ಬಾವಿಗೆ ಅದನ್ನು ಇಳಿಸಿದ ದಿನ ಅರ್ಧ ಆಲಮೇಲ ಬಾವಿಯ ದಂಡೆಗೆ ನೆರೆದಿತ್ತು. ಬೇರೆ ಕೆಲಸ ಇರುವವರು ಮನೆಯಲ್ಲಿ ಉಳಿದಿದ್ದರು ಎನ್ನೋಣವೆಂದರೆ ಬೇರೆ ಕೆಲಸ ಇರುವವರು ಯಾರೂ ಆ ದಿನ ಊರಲ್ಲಿ ಇದ್ದಂತೆ ಕಾಣಲಿಲ್ಲ. ಎಲ್ಲರಿಗೂ ಒಂದೊಂದು ಅಭಿಪ್ರಾಯ. ಒಬ್ಬ ಇದು ಸೋರೆಬುರುಡೆ ಅಂದ, ಇನ್ನೊಬ್ಬ ಆಮೆ ಕಚ್ಚಿದರೆ ಏನು ಗತಿ ಅಂದ. ಮೋಟರು ನಡೆಯಿತು, ನೀರು ಇಳಿಯಿತು, ಗುಂಡು ಜೋತುಬಿತ್ತು, ಸ್ಟಾರ್ಟರು ಟಕ್ ಎಂದು ಬಿತ್ತು. ಶಂಕರೆಪ್ಪ ನಿಂತಲ್ಲೇ ಕೈಮುಗಿದ.

"ಇನ್ನ ಬೇಕಾದಷ್ಟು ಮಕ್ಕೋ," ಎಂದು ಬಸಂತರಾಯ ಅಪ್ಪಣೆ ಕೊಟ್ಟ.

ಶಂಕರೆಪ್ಪ ಬೇವಿನ ನೆರಳಿಗೆ ಮಲಗಿ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದ. ಸುತ್ತಲಿನ ಊರುಗಳಿಂದ ವಿಚಾರಣೆ ಬಂತು. ಯಂಕಂಚಿಯವರು ಬಂದು ನೋಡಿ ಹೋದರು. ಬಸಂತರಾಯನ ಕನ್ನಡಕ ಮೂಗಿನ ಮೇಲೆ ಇನ್ನಷ್ಟು ಏರಿತು. ಆಮೇಲೆ, ಆಶ್ವೀಜ ಮಾಸದ ಸೀಗಿ ಹುಣ್ಣಿಮೆಯ ಹೊತ್ತಿಗೆ, ಟಂಟಂನಿಂದ ಮತ್ತೆ ಅದೇ ಮೋಟರು ಇಳಿಯಿತು. ಹೊಗೆಯ ವಾಸನೆ ಓಣಿಯ ತುದಿಯಿಂದಲೇ ಬಂದಿತ್ತು.

"ನೀವ ಮಕ್ಕೋ ಅಂದಿದ್ರಿ," ಅಂದ ಶಂಕರೆಪ್ಪ. ಅವನು ಇನ್ನೊಂದು ಕೈಯಲ್ಲಿದ್ದ ಕರೀ ಗುಂಡನ್ನು ಅಲ್ಲಾಡಿಸಿ ತೋರಿಸಿದ. ಒಳಗೆ ಗುಳುಗುಳು ಸಪ್ಪಳ. ಗುಂಡಿನೊಳಗೆ ಸೇರಿದ ನೀರೇ ಎರಡು ತಂತಿಗಳನ್ನೂ ಕೂಡಿಸಿಬಿಟ್ಟಿತ್ತು. ಬಾವಿ ಬತ್ತಿದ್ದರೂ ಮೋಟರು ನಿಂತಿರಲಿಲ್ಲ.

ಬಸಂತರಾಯ ಅಂಗಡಿಯ ಬಾಗಿಲು ಎಳೆದು, ಗುಂಡನ್ನು ಚೀಲಕ್ಕೆ ಹಾಕಿಕೊಂಡು, ಇಂಡಿಯ ಬಸ್ಸು ಹತ್ತಿದ.

ಹಾಜಿಮಲಂಗ ಆಗ ಬಜಾರದಲ್ಲಿ ಹಣಮಂತ್ರಾಯನ ಎಣ್ಣೆ ಅಂಗಡಿಯ ಮುಂದೆ ಮುಚ್ಚಳದ ಮೂಟೆ ಇಳಿಸುತ್ತಿದ್ದ. ಸಂತೆಯ ದಿನ, ಮಂದಿ ತುಂಬಿತ್ತು. ಬಸಂತರಾಯ ಗುಂಡನ್ನು ತೆಗೆದು ಅವನ ಕಾಲ ಬುಡಕ್ಕೆ ಕಲ್ಲಿನ ಮೇಲೆ ಒಗೆದ. ಅದು ಒಡೆದು ಹಸಿರುಗಟ್ಟಿದ ನೀರು ಹರಿಯಿತು.

"ನೀರು ಹೋಗಬಾರದ ಡಬ್ಬಿ ಕೇಳಿದ್ರ ನೀರಿನ ತಂಬಿಗಿ ಮಾಡಿ ಕೊಟ್ಟೀಯಲ್ಲೋ," ಅಂದ. ಅಲ್ಲಿಯತನಕ ಅವರಿಬ್ಬರ ನಡುವೆ ರೀ ಎಂಬುದು ತಪ್ಪಿರಲಿಲ್ಲ. "ನಿನ್ನ ಕೈ ಕೆಲಸದ್ದಲ್ಲ, ತಿನ್ನೂ ಕೈ."

"ಅಲ್ರಿ, ಒಂದು ವಾರ ಮುಳಿಗಿಸಿ ಕೊಯ್ದು ನೋಡೀವಿ. ನೀವ ನೋಡೀರಿ," ಅಂದ ಹಾಜಿಮಲಂಗ.

"ಒಂದು ಬರೋಬರಿ ಮಾಡಿ ತೋರಿಸಿ, ಉಳಿದದ್ದು ತೂತು ಮಾಡಿ ಕೊಟ್ಟೀ." ಬಸಂತರಾಯ ಎಣ್ಣೆ ಅಂಗಡಿಯ ಕಡೆ ಹೊರಳಿದ. "ಹಣಮಂತ್ರಾಯರ, ಇವನ ಮುಚ್ಚಳ ಹಾಕಿದ ಎಣ್ಣಿ ಎಷ್ಟು ಸೋರಿ ಹೋಗೈತೋ ಒಮ್ಮೆ ಅಳೀರಿ."

ಹಾಜಿಮಲಂಗ ಬಾಗಿ ಗುಂಡಿನ ಚೂರುಗಳನ್ನು ಆರಿಸಿ ಅಂಗಿಯ ಕಿಸೆಗೆ ಹಾಕಿಕೊಂಡ. ಬಸಂತರಾಯ ಬಂದ ಬಸ್ಸಿಗೇ ವಾಪಸು ಹೊರಟ.

ಆ ಕತೆಯನ್ನು ಅವನು ಸಿಂದಗಿಯಲ್ಲಿ ಎಷ್ಟೋ ದಿನ ಹೇಳಿದ. ಗಿರಾಕಿ ಬಂದರೆ ಹೇಳಿದ, ಚಹಾದ ಅಂಗಡಿಯಲ್ಲಿ ಹೇಳಿದ. ಹೇಳಿದಷ್ಟೂ ಹಾಜಿಮಲಂಗನ ಹೊಟ್ಟೆ ದೊಡ್ಡದಾಗುತ್ತಾ, ಗುಂಡಿನ ತೂತು ಅಗಲವಾಗುತ್ತಾ ಹೋಯಿತು. ಹಣಮಂತ್ರಾಯ ಮುಚ್ಚಳಗಳನ್ನು ಬೇರೆ ಊರಿಂದ ತರಿಸತೊಡಗಿದ್ದಾನೆ, ಹಾಜಿಮಲಂಗನ ಯಂತ್ರ ವಾರಕ್ಕೊಮ್ಮೆಯೂ ಬಿಸಿಯಾಗುತ್ತಿಲ್ಲ ಎಂಬ ಸುದ್ದಿಯೂ ಬಂತು. ಬಸಂತರಾಯ ಅದನ್ನೂ ಕತೆಯ ಕೊನೆಗೆ ಸೇರಿಸಿಕೊಂಡ.

ಇತ್ತ ಅವನು ಉಳಿದಿದ್ದ ಇನ್ನೊಂದು ಗುಂಡನ್ನು ತಾನೇ ಸುಧಾರಿಸಲು ಕೂತ. ಶಂಕರೆಪ್ಪ ಬಾವಿಯಿಂದ ಕಿತ್ತು ತಂದಿದ್ದ ವೈರನ್ನೇ ಅದಕ್ಕೆ ಜೋಡಿಸಿ, ಕುತ್ತಿಗೆಗೆ ಮೇಣ ತುಂಬಿ, ಮೈಗೆಲ್ಲ ಡಾಂಬರು ಬಳಿದ. ಅದು ಕೊಟ್ಟಿಗೆಯಲ್ಲಿ ಬಿದ್ದ ಏನೋ ಒಂದರ ಹಾಗೆ ಕಂಡಿತು. ಹಿತ್ತಲಿನ ಹೌದಿನಲ್ಲಿ ಅದನ್ನು ವೈರಿನ ಸಮೇತ ಬಿಟ್ಟ. ಕೆಲವು ದಿನ ಕಳೆದು ಅಲ್ಲಾಡಿಸಿ ನೋಡಿದರೆ ಮತ್ತೆ ಗುಳುಗುಳು. ಹಾಜಿಮಲಂಗನ ಪ್ಲಾಸ್ಟಿಕ್ಕೇ ಜರಡಿ ಎಂದು ಬೈದು ಅದನ್ನು ಹೌದಿನ ಕಟ್ಟೆಗೆ ಒಗೆದು ಅಂಗಡಿಗೆ ಹೋದ.

ಅರಿವೆ ಒಗೆಯಲು ಬಂದ ದಾನೇಶ್ವರಿ ಕಟ್ಟೆ ಖಾಲಿ ಮಾಡಲು ಆ ಗುಂಡನ್ನು ಎತ್ತಿ ಅರಿವೆ ಹಾಕುವ ಹಗ್ಗಕ್ಕೆ ಸಿಗಿಸಿದಳು. ಗುಂಡು ಮೇಲೆ, ವೈರು ಕೆಳಗೆ ಇಳಿಬಿದ್ದಿತ್ತು. ಮಧ್ಯಾಹ್ನ ಗಂಡ ಊಟಕ್ಕೆ ಬಂದಾಗ ಅವಳಿಗೆ ಸಿಟ್ಟು.

"ಒಣಗಿದ ಸೀರಿ ಮ್ಯಾಲ ಹೊಲಸ ನೀರು ಬೀಳಾಕತ್ತೈತಿ. ನಿಮ್ಮದು ಅದೇನೈತಿ ಅದನ್ನ ತಗೀರಿ ಅಲ್ಲಿಂದ."

"ಗುಂಡಿನ ನೀರ ಇರ್ತೈತಿ. ಅವನ ಮಾಲು ಅಷ್ಟ."

"ಗುಂಡು ಒಣಗಿ ಕಟ್ಟಿಗಿ ಆಗೈತಿ. ಆ ವೈರಿನ ಗಂಟು ಸೋರಾಕತ್ತೈತಿ."

ಗಂಟು ಹೇಗೆ ಸೋರುತ್ತದೆ, ಹೆಂಗಸರಿಗೇನು ಗೊತ್ತು ಎಂದುಕೊಳ್ಳುತ್ತಾ ಅವನು ಹಿತ್ತಲಿಗೆ ಹೋದ. ಬಿಸಿಲಿಗೆ ಗುಂಡು ಕಾದಿತ್ತು. ಮೇಣವೂ ಡಾಂಬರೂ ಒಣ ಒಣ. ಕೆಳಗೆ, ಅವನೇ ಟೇಪು ಸುತ್ತಿದ ಜಾಯಿಂಟಿನಿಂದ ಒಂದು ಹನಿ ಮೂಡಿತು, ದಪ್ಪವಾಯಿತು, ಸೀರೆಯ ಮೇಲೆ ಬಿತ್ತು. ಅದರ ಹಿಂದೆ ಇನ್ನೊಂದು.

ಬಸಂತರಾಯ ಊಟ ಮಾಡಲಿಲ್ಲ. ಬ್ಲೇಡು ತಂದು ಜಾಯಿಂಟಿನಿಂದ ಗುಂಡಿನ ತನಕ ವೈರಿನ ಹೊರ ತೊಗಲನ್ನು ಸೀಳಿದ. ಒಳಗೆ ಉದ್ದಕ್ಕೂ ಒದ್ದೆ. ತಾಮ್ರ ಹಸಿರು ಹತ್ತಿತ್ತು. ಬಾವಿಯಲ್ಲಿ ಜಾಯಿಂಟು ನೀರಿನಲ್ಲಿ ಮುಳುಗಿಕೊಂಡಿತ್ತು. ಹಗಲು ಗುಂಡಿನ ಗಾಳಿ ಕಾದು ಹಿಗ್ಗಿ ಹೊರಗೆ ಹೋಗುವುದು, ತಂಪಾದಾಗ ಅದೇ ದಾರಿಯಿಂದ ಗುಂಡು ನೀರನ್ನು ಹೀರುವುದು. ಟೇಪಿನ ಸಂದಿಯಿಂದ ಹೊಕ್ಕು, ವೈರಿನ ತೊಗಲೊಳಗೇ ಕೊಳವೆಯಲ್ಲಿ ಹರಿದಂತೆ ಹರಿದು ನೀರು ಗುಂಡು ಸೇರಿತ್ತು. ಹಾಜಿಮಲಂಗನ ಬೆಸುಗೆ ಹಾಗೇ ಇತ್ತು, ಕುತ್ತಿಗೆಯ ಮೇಣ ಹಾಗೇ ಇತ್ತು. ಸೋರಿದ್ದು ಎತ್ತು ಎಳೆದರೂ ಬಿಚ್ಚದ ಜಾಯಿಂಟು.

ದಾನೇಶ್ವರಿ ಬಾಗಿಲಲ್ಲಿ ನಿಂತು ನೋಡಿದಳು. ಅವಳಿಗೆ ವೈರಿನ ವಿದ್ಯೆ ತಿಳಿಯದಿದ್ದರೂ ಗಂಡನ ಮುಖ ಓದಲು ಬರುತ್ತಿತ್ತು.

"ಜಗತ್ತಿನ್ಯಾಗ ಎಲ್ಲಾರ ಡಬ್ಬಿನೂ ಸೋರಿದ್ವು," ಅಂದಳು. "ನಿಮ್ಮ ಕೈಯೊಂದ ಸೋರೂದಿಲ್ಲ ಅಂತ ಹೇಳಿಕೋತ ತಿರಿಗಿದ್ರಿ."

ಆವತ್ತಿನಿಂದ ಅಂಗಡಿಯಲ್ಲಿ ಕತೆ ನಿಂತಿತು. ಯಾರಾದರೂ, "ಇಂಡಿಯವನ ತಂಬಿಗಿ ಸುದ್ದಿ ಹೇಳ್ರಿ" ಎಂದು ಕೆಣಕಿದರೆ, ಕೆಲಸ ಇದ್ದರೆ ಇರಿ ಇಲ್ಲದಿದ್ದರೆ ನಡೀರಿ ಎನ್ನುತ್ತಿದ್ದ. ಹೇಳದೆ ಬಿಟ್ಟರೆ ಯಾರಿಗೂ ತಿಳಿಯುವ ವಿಷಯವಲ್ಲ ಅದು. ಹಾಗೆ ಬಿಟ್ಟುಬಿಡಲು ಅವನು ಮನಸ್ಸಾರೆ ಪ್ರಯತ್ನ ಪಟ್ಟ. ಆದರೆ ಬೇರೆಯವರ ಹಲ್ಕಟ್ ಕೆಲಸವನ್ನು ಜನ್ಮವಿಡೀ ಕ್ಷಮಿಸದವನಿಗೆ ತನ್ನದನ್ನು ಕ್ಷಮಿಸುವ ರೂಢಿಯೂ ಇರಲಿಲ್ಲ. ಆ ಸೀಳಿದ ವೈರು ಅಂಗಡಿಯ ಮೊಳೆಗೆ ನೇತುಬಿದ್ದು ದಿನಾ ಅವನನ್ನು ನೋಡುತ್ತಿತ್ತು. ಸುಗ್ಗಿಯ ದಿನಗಳಲ್ಲಿ ಒಂದು ಮುಂಜಾನೆ ಅದನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡು ಇಂಡಿಗೆ ಹೋದ.

ಹಾಜಿಮಲಂಗ ತಣ್ಣಗಿದ್ದ ಯಂತ್ರದ ಪಕ್ಕ ಕೂತು ಚುರುಮುರಿ ತಿನ್ನುತ್ತಿದ್ದ. ಸ್ವಲ್ಪ ಇಳಿದುಹೋಗಿದ್ದ. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಬಸಂತರಾಯ ವೈರನ್ನು ಅವನ ಮುಂದೆ ಹಾಸಿದ.

"ನಿಮ್ಮ ಗುಂಡು ಸುದ್ದ ಇತ್ರಿ. ನನ್ನ ಜಾಯಿಂಟು ಹಲ್ಕಟ್ ಇತ್ತು. ಇದರಾಗಿಂದ ನೀರು ಹೋಗೈತಿ."

ಹಾಜಿಮಲಂಗ ವೈರನ್ನು ಎತ್ತಿ, ಹಸಿರು ಹತ್ತಿದ ತಾಮ್ರವನ್ನು ಉಗುರಲ್ಲಿ ಕೆರೆದು ನೋಡಿದ.

"ಅವತ್ತ ಬಜಾರದಾಗ ಹೇಳಿದ್ರಿ," ಅಂದ. "ಇವತ್ತ ಖೋಲ್ಯಾಗ ಬಂದು ನನ್ನ ಕಿವ್ಯಾಗ ಹೇಳಾಕತ್ತೀರಿ. ನನ್ನ ಕಿವಿ ಮುಚ್ಚಳ ತೊಗೊಳ್ಳೂದಿಲ್ರಿ."

ಬಸಂತರಾಯನಿಗೆ ಅದು ಗೊತ್ತಿತ್ತು. ದಾರಿಯುದ್ದಕ್ಕೂ ಅದು ಕೇಳಿಬರದಿರಲಿ ಎಂದೇ ಬಂದಿದ್ದ. ಇಬ್ಬರೂ ಎದ್ದು ಬಜಾರಕ್ಕೆ ಹೋದರು. ಹಣಮಂತ್ರಾಯನ ಅಂಗಡಿಯ ಮುಂದೆ ಗಿರಾಕಿಗಳು ನಿಂತಿದ್ದರು. ಬಸಂತರಾಯ ವೈರನ್ನು ಎತ್ತಿ ಹಿಡಿದು, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹೇಳುವಾಗಲೂ ನಾಲಿಗೆ ಸುಮ್ಮನಿರಲಿಲ್ಲ. "ಇಂಥ ಜಾಯಿಂಟು ಬ್ಯಾರೇದವ ಹಾಕಿದ್ರ ನಾ ಅವನ ಕೈ ಮುರೀತಿದ್ನಿ," ಅಂದ. ಮಂದಿ ನಕ್ಕರು. ಎಣ್ಣೆ ವ್ಯಾಪಾರಿಗಳಿಗೆ ಸಹಜವಾದ ನಿಧಾನದಿಂದ ಹಣಮಂತ್ರಾಯ, "ಆ ಬ್ಯಾರೆ ಊರಿನ ಮುಚ್ಚಳನೂ ಭಾಳ ಸೋರತಾವ ಬಿಡ್ರಿ" ಅಂದ. ಮರುವಾರದಿಂದ ಹಾಜಿಮಲಂಗನ ಯಂತ್ರ ಮತ್ತೆ ಕಾಯತೊಡಗಿತು.

ತಿರುಗಿ ಗುಂಡು ಮಾಡಲು ಒಪ್ಪುವ ಮುಂಚೆ ಹಾಜಿಮಲಂಗ ಒಂದು ಶರತ್ತು ಹಾಕಿದ. ಅಚ್ಚಿನಲ್ಲಿ ತನ್ನ ಹೆಸರು ಕೊರೆಸಬೇಕು.

"ನನ್ನ ಹೆಸರು?" ಎಂದು ಕೇಳಿದ ಬಸಂತರಾಯ.

"ನಿಮ್ಮದು ಒಳಗ ಇರ್ತೈತಿ. ನೀರು ಹೋಗೂದಿಲ್ಲ, ಸುರಕ್ಷಿತ ಇರ್ತೈತಿ."

ಹಾಗಾಗಿ ಆ ಸೀಮೆಯಲ್ಲಿ ಅದಕ್ಕೆ ಮಲಂಗ ಗುಂಡು ಎಂದೇ ಹೆಸರಾಯಿತು. ಮುದ್ದೇಬಿಹಾಳದ ಕಡೆಗೂ ಮುಳವಾಡದ ಕಡೆಗೂ ಕೆಲವು ಹೋದವು. ಬಾವಿಗಳಿಗೆ ಇಳಿಸಲು ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದರು. ಕಿಡಕಿಯ ಸೀಟು ಯಾರದು ಎಂಬುದಕ್ಕೆ ಜಗಳ, ನಾಷ್ಟಾಕ್ಕೆ ಎಲ್ಲಿ ಇಳಿಯುವುದೆಂಬುದಕ್ಕೆ ಜಗಳ. ಒಂದು ತುಂಡು ಕಡಿಮೆ ಬಿದ್ದರೂ ಬಸಂತರಾಯ ಇಡೀ ವೈರು ಬದಲಿಸುತ್ತಿದ್ದ, ಜೋಡಿಸಿ ಕೊಡ್ರಿ ಸಾಕು ಎಂದ ಗಿರಾಕಿಯನ್ನು ಬಾವಿಯ ದಂಡೆಯಲ್ಲೇ ನಿಲ್ಲಿಸಿ ಬೈಯುತ್ತಿದ್ದ. ಹಾಜಿಮಲಂಗ ಅಷ್ಟು ಹೊತ್ತು ಗಿಡದ ನೆರಳಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದ.

ಕೆಲವು ವರ್ಷಗಳಲ್ಲಿ ಬೋರ್‌ವೆಲ್ಲುಗಳು ಹೆಚ್ಚಾದವು, ತೆರೆದ ಬಾವಿಗಳಿಗೆ ಗಿಡ ಬೆಳೆದವು, ಕಂಪನಿಯ ಸಾಮಾನೂ ಬಜಾರಕ್ಕೆ ಬಂತು. ಗುಂಡಿನ ವ್ಯಾಪಾರ ಮೆಲ್ಲಗೆ ನಿಂತಿತು. ಕಂಪನಿಯದೊಂದನ್ನು ಬಸಂತರಾಯ ತರಿಸಿ, ಗರಗಸದಿಂದ ಎರಡು ಹೋಳು ಮಾಡಿ, ಕನ್ನಡಕ ಏರಿಸಿ ಒಳಗೆಲ್ಲ ಹುಡುಕಿದ. ಹೆಸರಿಡಲು ಒಂದು ತಪ್ಪೂ ಸಿಗಲಿಲ್ಲ. "ಬಣ್ಣ ಸರಿ ಇಲ್ಲ," ಎಂದು ಅದನ್ನು ಮೂಲೆಗೆ ಒಗೆದು, ಬಾಗಿಲಲ್ಲಿ ಮೋಟರು ಹೊತ್ತು ನಿಂತವನ ಕಡೆ ಹೊರಳಿದ.